ಒಂದು ದೀಪ, ಹಲವು ಸ್ವಿಚ್: ಓದುಗರ ಪ್ರಶ್ನೆಗಳಿಗೆ ಉತ್ತರ

ಮೆಟ್ಟಿಲ ದೀಪವನ್ನು ಕೆಳಗೆ ಹಾಕಿ ಮೇಲೆ ಆರಿಸುವುದು, ಮಲಗುವ ಕೋಣೆಯ ದೀಪಕ್ಕೆ ಬಾಗಿಲ ಬಳಿ ಒಂದು, ಮಂಚದ ಬಳಿ ಒಂದು ಸ್ವಿಚ್ ಇಡುವುದು: ಇಂಥ ವೈರಿಂಗ್ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಲೆಕ್ಕಗಳೆಲ್ಲ 230 ವೋಲ್ಟ್, 50 ಹರ್ಟ್ಸ್ ಸರಬರಾಜಿಗೆ ಅನ್ವಯ.

ಬೋರ್ಡ್ ಬಿಚ್ಚುವ ಮೊದಲು ಆ ಸರ್ಕ್ಯೂಟಿನ ಎಂಸಿಬಿ (ಮೇನ್ ಬೋರ್ಡಿನಲ್ಲಿ ಆ ಸರ್ಕ್ಯೂಟಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಬೇರೆಯವರು ಎತ್ತದಂತೆ ಟೇಪ್ ಹಚ್ಚಿ. ಟೆಸ್ಟರನ್ನು ಮೊದಲು ಕರೆಂಟ್ ಇರುವುದು ಖಾತ್ರಿಯಿರುವ ಸಾಕೆಟ್ಟಿನಲ್ಲಿ ಇಟ್ಟು ನೋಡಿ, ಆಮೇಲೆ ಕೆಲಸ ಮಾಡುವ ಬೋರ್ಡಿನಲ್ಲಿ, ಕೊನೆಗೆ ಮತ್ತೆ ಅದೇ ಸಾಕೆಟ್ಟಿನಲ್ಲಿ. ಟೆಸ್ಟರೇ ಕೆಟ್ಟಿದ್ದರೆ ಗೊತ್ತಾಗುವುದು ಹೀಗೆ ನೋಡಿದಾಗ ಮಾತ್ರ. ಸ್ವಿಚ್ ಮೇಲಿದೆ, ಹಾಗಾಗಿ ಆಫ್ ಆಗಿದೆ ಎನ್ನುವ ಲೆಕ್ಕ ಈ ವೈರಿಂಗಿನಲ್ಲಿ ನಡೆಯುವುದಿಲ್ಲ. ಇಲ್ಲಿನ ಯಾವ ಸ್ವಿಚ್ಚಿಗೂ ಖಾಯಂ ಆನ್, ಖಾಯಂ ಆಫ್ ಎಂಬ ದಿಕ್ಕೇ ಇಲ್ಲ.

ಪ್ರಶ್ನೆ: ಟೂ ವೇ ಸ್ವಿಚ್ಚಿನ ಹಿಂದೆ ಮೂರು ಸ್ಕ್ರೂ ಇವೆ, ಗುರುತು ಏನೂ ಇಲ್ಲ. ಯಾವುದಕ್ಕೆ ಯಾವ ವೈರು ಕೊಡಬೇಕು?

ಉತ್ತರ: ಮೂರರಲ್ಲಿ ಒಂದು ಕಾಮನ್. ಉಳಿದೆರಡನ್ನು ಎಲ್1, ಎಲ್2 ಎಂದು ಕರೆಯೋಣ. ಸ್ವಿಚ್ಚನ್ನು ಒಂದು ಕಡೆಗೆ ಒತ್ತಿದಾಗ ಕಾಮನ್ ಎಲ್1ಕ್ಕೆ ಸೇರುತ್ತದೆ, ಇನ್ನೊಂದು ಕಡೆಗೆ ಒತ್ತಿದಾಗ ಎಲ್2ಕ್ಕೆ. ಎಲ್1 ಮತ್ತು ಎಲ್2 ಎರಡೂ ಒಂದಕ್ಕೊಂದು ಸೇರುವುದು ಎಂದೂ ಇಲ್ಲ. ಒನ್ ವೇ ಸ್ವಿಚ್ ಕರೆಂಟನ್ನು ಕಡಿಯುತ್ತದೆ. ಟೂ ವೇ ಸ್ವಿಚ್ ಕಡಿಯುವುದಿಲ್ಲ, ದಾರಿ ಬದಲಿಸುತ್ತದೆ.

ಹಲವು ಮಾಡ್ಯುಲರ್ ಸ್ವಿಚ್ಚುಗಳಲ್ಲಿ ನಡುವಿನ ಸ್ಕ್ರೂ ಕಾಮನ್ ಆಗಿರುತ್ತದೆ. ಆದರೆ ಎಲ್ಲದರಲ್ಲೂ ಹಾಗಿಲ್ಲ, ಒಂಟಿಯಾಗಿ ಒಂದು ಬದಿಗಿರುವ ಸ್ಕ್ರೂ ಕಾಮನ್ ಆಗಿರುವ ಸ್ವಿಚ್ಚುಗಳೂ ಇವೆ. ಊಹೆ ಮಾಡಬೇಡಿ. ಸ್ವಿಚ್ ಇನ್ನೂ ಕೈಯಲ್ಲಿರುವಾಗಲೇ ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕಿಟ್ಟು ಎರಡೆರಡು ಸ್ಕ್ರೂಗಳ ನಡುವೆ ಹಿಡಿಯಿರಿ. ಮೂರು ಜೋಡಿ ಸಿಗುತ್ತವೆ. ಸ್ವಿಚ್ಚನ್ನು ಎರಡೂ ಕಡೆಗೆ ಒತ್ತಿದರೂ ಒಮ್ಮೆಯೂ ಬೀಪ್ ಬಾರದ ಜೋಡಿಯೇ ಎಲ್1, ಎಲ್2. ಆ ಜೋಡಿಗೆ ಸೇರದ ಸ್ಕ್ರೂ ಕಾಮನ್. ಅದರ ಪಕ್ಕದಲ್ಲಿ ಮಾರ್ಕರ್‌ನಿಂದ ಚುಕ್ಕೆ ಇಟ್ಟು ಆಮೇಲೆ ಪ್ಲೇಟಿಗೆ ಕೂರಿಸಿ.

ಇನ್ನು ವೈರಿಂಗ್. ಫೇಸ್ ಮೊದಲ ಸ್ವಿಚ್ಚಿನ ಕಾಮನ್‌ಗೆ. ಎರಡನೆಯ ಸ್ವಿಚ್ಚಿನ ಕಾಮನ್‌ನಿಂದ ದೀಪಕ್ಕೆ. ಎರಡು ಸ್ವಿಚ್ಚುಗಳ ಎಲ್1, ಎಲ್2ಗಳ ನಡುವೆ ಎರಡು ವೈರು. ಇವನ್ನು ಮುಂದೆ ಜೋಡಿ ವೈರು ಎನ್ನುತ್ತೇವೆ. ನ್ಯೂಟ್ರಲ್ ಯಾವ ಸ್ವಿಚ್ಚನ್ನೂ ಮುಟ್ಟದೆ ನೇರವಾಗಿ ದೀಪಕ್ಕೆ ಹೋಗಬೇಕು. ಜೋಡಿ ವೈರಿನಲ್ಲಿ ಎಲ್1 ಆ ಕಡೆಯ ಎಲ್2ಕ್ಕೆ ಸೇರಿಹೋದರೆ ಗಾಬರಿ ಬೇಡ. ಸ್ವಿಚ್ಚಿನ ಮೇಲೆ-ಕೆಳಗೆ ಅದಲು ಬದಲಾಗುತ್ತದೆ ಅಷ್ಟೆ, ಕೆಲಸ ಸರಿಯಾಗಿಯೇ ನಡೆಯುತ್ತದೆ. ತಪ್ಪಬಾರದ್ದು ಕಾಮನ್ ಒಂದೇ.

ದೀಪಕ್ಕೆ 6 ಆಂಪಿಯರಿನ ಸ್ವಿಚ್, 1.5 ಚದರ ಮಿಲಿಮೀಟರಿನ ತಾಮ್ರದ ವೈರು ಸಾಕು. ತುದಿಯಲ್ಲಿ 8ರಿಂದ 10 ಮಿಲಿಮೀಟರ್ ಮಾತ್ರ ಸಿಪ್ಪೆ ಸುಲಿಯಿರಿ. ಎಳೆಗಳನ್ನು ಬಿಗಿಯಾಗಿ ಹೊಸೆದು ಒಳಗೆ ತೂರಿಸಿ, ಸ್ಕ್ರೂ ಕಚ್ಚಿರುವುದು ತಾಮ್ರವನ್ನೇ ಹೊರತು ಪ್ಲಾಸ್ಟಿಕ್ಕನ್ನಲ್ಲ ಎಂದು ನೋಡಿಕೊಂಡು, ವೈರನ್ನು ಒಮ್ಮೆ ಎಳೆದು ಪರೀಕ್ಷಿಸಿ. ಎಳೆಗಳ ತುದಿಗೆ ಬೆಸುಗೆ ಹಾಕುವ ಅಭ್ಯಾಸ ಕೆಲವರಿಗಿದೆ. ಅದು ಬೇಡ. ಸ್ಕ್ರೂ ಒತ್ತಡಕ್ಕೆ ಸೀಸದ ಬೆಸುಗೆ ದಿನ ಕಳೆದಂತೆ ಚಪ್ಪಟೆಯಾಗಿ ಸ್ಕ್ರೂ ಸಡಿಲವಾಗುತ್ತದೆ. ಬೇಕಿದ್ದರೆ ಒತ್ತಿ ಕೂರಿಸುವ ತಾಮ್ರದ ಲಗ್ ಹಾಕಿ.

ಪ್ರಶ್ನೆ: ಹೊಸದಾಗಿ ಮೆಟ್ಟಿಲಿಗೆ ವೈರಿಂಗ್ ಮಾಡಿಸಿದೆವು. ಕೆಳಗಿನ ಸ್ವಿಚ್ ಹಾಕಿದ್ದರೆ ಮಾತ್ರ ಮೇಲಿನದು ಕೆಲಸ ಮಾಡುತ್ತದೆ. ಕೆಳಗೆ ಆರಿಸಿದರೆ ಮೇಲೆ ಎಷ್ಟು ಒತ್ತಿದರೂ ದೀಪ ಇಲ್ಲ. ಸ್ವಿಚ್ ಕೆಟ್ಟಿದೆಯೇ?

ಉತ್ತರ: ಸ್ವಿಚ್ ಕೆಟ್ಟಿರುವ ಸಂಭವ ಕಡಿಮೆ. ಬೋರ್ಡ್ ಬಿಚ್ಚುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ಎರಡು ಸ್ವಿಚ್ಚಿಗೆ ಒಟ್ಟು ನಾಲ್ಕು ಸ್ಥಿತಿ: ಮೇಲೆ-ಮೇಲೆ, ಮೇಲೆ-ಕೆಳಗೆ, ಕೆಳಗೆ-ಮೇಲೆ, ಕೆಳಗೆ-ಕೆಳಗೆ. ಪ್ರತಿಯೊಂದರಲ್ಲೂ ದೀಪ ಉರಿಯುತ್ತದೆಯೇ ಇಲ್ಲವೇ ಬರೆದುಕೊಳ್ಳಿ. ಸರಿಯಾದ ವೈರಿಂಗಿನಲ್ಲಿ ನಾಲ್ಕರಲ್ಲಿ ಎರಡು ಕಡೆ ಉರಿಯಬೇಕು. ನೀವು ಹೇಳುವುದನ್ನು ನೋಡಿದರೆ ನಿಮ್ಮಲ್ಲಿ ಒಂದರಲ್ಲಿ ಮಾತ್ರ ಉರಿಯುತ್ತಿದೆ.

ಹಾಗಾಗಲು ಕಾರಣ, ಎರಡರಲ್ಲಿ ಒಂದು ಬೋರ್ಡಿನಲ್ಲಿ ಕಾಮನ್‌ಗೆ ಹೋಗಬೇಕಾದ ವೈರು ಎಲ್1ಕ್ಕೆ ಹೋಗಿದೆ, ಜೋಡಿ ವೈರಿನಲ್ಲೊಂದು ಕಾಮನ್‌ಗೆ ಬಂದು ಕೂತಿದೆ. ಆ ಸ್ವಿಚ್ಚನ್ನು ಒಂದು ಕಡೆ ಒತ್ತಿದಾಗ ದಾರಿ ತೆರೆಯುತ್ತದೆ. ಇನ್ನೊಂದು ಕಡೆ ಒತ್ತಿದಾಗ ಅದು ಜೋಡಿ ವೈರುಗಳನ್ನೇ ಒಂದಕ್ಕೊಂದು ಸೇರಿಸಿ ಸುಮ್ಮನಾಗುತ್ತದೆ. ಫೇಸ್ ಆಗಲಿ, ದೀಪದ ವೈರಾಗಲಿ ಒಂಟಿಯಾಗಿ ಉಳಿಯುತ್ತದೆ. ಒಂದರ ಹಿಂದೆ ಒಂದು ಒನ್ ವೇ ಸ್ವಿಚ್ ಹಾಕಿದಂತೆಯೇ ಆಯಿತು. ಎರಡೂ ಬೋರ್ಡಿನಲ್ಲಿ ಇದೇ ತಪ್ಪಾಗಿದ್ದರೆ ಒಂದರಲ್ಲಿ ಉರಿಯಬಹುದು, ಕೆಲವೊಮ್ಮೆ ನಾಲ್ಕರಲ್ಲೂ ಕತ್ತಲೆಯೇ.

ತಪ್ಪು ಯಾವ ಬೋರ್ಡಿನದು ಎಂದು ಸ್ಥಿತಿ ಎಣಿಸಿ ಹೇಳಲಾಗದು. ಎರಡನ್ನೂ ಬಿಚ್ಚಬೇಕು. ಎಂಸಿಬಿ ಇಳಿಸಿ ಎರಡೂ ಸ್ವಿಚ್ಚಿನ ಕಾಮನ್ ಪತ್ತೆಮಾಡಿ. ಒಂದು ಕಡೆ ಅದಕ್ಕೆ ಸರಬರಾಜಿನ ಫೇಸ್, ಇನ್ನೊಂದು ಕಡೆ ದೀಪದ ವೈರು ಸೇರಿದ್ದರೆ ಸರಿ. ವೈರಿನ ಬಣ್ಣ ನೋಡಿ ತೀರ್ಮಾನಿಸಬೇಡಿ: ಕೆಲವರು ಜೋಡಿ ವೈರಿಗೂ ದೀಪದ ವೈರಿಗೂ ಒಂದೇ ಕೆಂಪು ಎಳೆದಿರುತ್ತಾರೆ. ಇನ್ನು ಕೆಲವರು ಕೈಗೆ ಸಿಕ್ಕ ಕಪ್ಪು ವೈರನ್ನೇ ಜೋಡಿಗೆ ಬಳಸಿರುತ್ತಾರೆ, ಅದು ನ್ಯೂಟ್ರಲ್ ಅಲ್ಲ, ಅದರಲ್ಲಿ ಫೇಸ್ ಇರುತ್ತದೆ.

ಪ್ರಶ್ನೆ: ನಮ್ಮಲ್ಲೂ ನಾಲ್ಕರಲ್ಲಿ ಒಂದು ಸ್ಥಿತಿಯಲ್ಲಿ ಮಾತ್ರ ದೀಪ ಬರುತ್ತದೆ. ಆದರೆ ಎಷ್ಟೋ ವರ್ಷದಿಂದ ಚೆನ್ನಾಗಿಯೇ ಇತ್ತು, ಯಾರೂ ಬೋರ್ಡ್ ಮುಟ್ಟಿಲ್ಲ.

ಉತ್ತರ: ಹಾಗಿದ್ದರೆ ಕಾಮನ್ ತಪ್ಪಲ್ಲ. ಜೋಡಿ ವೈರಿನಲ್ಲಿ ಒಂದು ಕೈಕೊಟ್ಟಿದೆ: ಸ್ಕ್ರೂ ಸಡಿಲವಾಗಿದೆ, ವೈರು ತುಂಡಾಗಿದೆ, ಇಲ್ಲವೇ ಸ್ವಿಚ್ಚಿನೊಳಗಿನ ಒಂದು ಕಾಂಟ್ಯಾಕ್ಟ್ ಸುಟ್ಟಿದೆ. ಹೊರಗಿನಿಂದ ಲಕ್ಷಣ ಎರಡಕ್ಕೂ ಒಂದೇ, ಹಿನ್ನೆಲೆ ಬೇರೆ.

ಎಂಸಿಬಿ ಇಳಿಸಿ ಮೊದಲು ಸ್ಕ್ರೂಗಳನ್ನು ಬಿಗಿಮಾಡಿ ನೋಡಿ, ಹೆಚ್ಚಿನ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಮತ್ತೆ ಎಂಸಿಬಿ ಇಳಿಸಿ ಎರಡೂ ತುದಿಯಲ್ಲಿ ಜೋಡಿ ವೈರುಗಳನ್ನು ಸ್ವಿಚ್ಚಿನಿಂದ ಬಿಡಿಸಿ, ಕೆಳಗಿನ ತುದಿಯಲ್ಲಿ ಎರಡನ್ನೂ ಒಟ್ಟಿಗೆ ಹೊಸೆದು, ಮೇಲಿನ ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬಂದರೆ ವೈರು ಸರಿ, ಬರದಿದ್ದರೆ ಒಂದು ತುಂಡಾಗಿದೆ. ವೈರು ಸರಿಯಿದ್ದರೆ ಸ್ವಿಚ್ಚುಗಳನ್ನು ಬಿಚ್ಚಿ ಕಾಮನ್‌ನಿಂದ ಎಲ್1, ಎಲ್2ಗಳಿಗೆ ಓಮ್ ಅಳೆಯಿರಿ. ಒಂದು ಓಮ್‌ಗಿಂತ ಕಡಿಮೆ ಬರಬೇಕು. ಹತ್ತಾರು ಓಮ್ ತೋರಿಸಿದರೆ ಅಥವಾ ಅಂಕಿ ಕುಣಿಯುತ್ತಿದ್ದರೆ ಆ ಸ್ವಿಚ್ ಎಸೆಯಿರಿ. ಸ್ಕ್ರೂ ಸುತ್ತ ಪ್ಲಾಸ್ಟಿಕ್ ಕಂದುಗಟ್ಟಿದ್ದರೂ ಅಷ್ಟೇ, ಬಿಗಿಮಾಡಿ ಮುಂದುವರಿಸುವ ಆಸೆ ಬೇಡ.

ಪ್ರಶ್ನೆ: ಬಾಗಿಲ ಬಳಿ ಈಗಾಗಲೇ ಒಂದು ಸ್ವಿಚ್ ಇದೆ. ಮಂಚದ ಬಳಿ ಇನ್ನೊಂದು ಬೇಕು. ಸೀಲಿಂಗ್ ಒಡೆಯದೆ ಆಗುತ್ತದೆಯೇ?

ಉತ್ತರ: ಆಗುತ್ತದೆ. ಹಳೆಯ ಬೋರ್ಡಿನಿಂದ ಹೊಸ ಬೋರ್ಡಿಗೆ ಮೂರು ವೈರು ಎಳೆದರೆ ಸಾಕು, ದೀಪದ ಕಡೆಗೆ ಹೋಗಬೇಕಿಲ್ಲ. ಹಳೆಯ ಒನ್ ವೇ ಸ್ವಿಚ್ ತೆಗೆದು ಟೂ ವೇ ಹಾಕಿ. ಎರಡು ಸ್ವಿಚ್ಚುಗಳ ಕಾಮನ್‌ನಿಂದ ಕಾಮನ್‌ಗೆ, ಎಲ್1ರಿಂದ ಎಲ್1ಕ್ಕೆ, ಎಲ್2ರಿಂದ ಎಲ್2ಕ್ಕೆ ಒಂದೊಂದು ವೈರು. ಹಳೆಯ ಬೋರ್ಡಿಗೆ ಬಂದಿದ್ದ ಫೇಸನ್ನು ಅಲ್ಲಿಯ ಎಲ್1ಕ್ಕೆ, ದೀಪಕ್ಕೆ ಹೋಗುತ್ತಿದ್ದ ವೈರನ್ನು ಅಲ್ಲಿಯ ಎಲ್2ಕ್ಕೆ ಸೇರಿಸಿ. ಇಲ್ಲಿ ಕಾಮನ್‌ಗೆ ಫೇಸೂ ಇಲ್ಲ, ದೀಪವೂ ಇಲ್ಲ. ಅದು ಎರಡು ಸ್ವಿಚ್ಚಿನ ನಡುವಿನ ಸೇತುವೆ ಮಾತ್ರ. ಒಂದು ಸ್ವಿಚ್ ಎಲ್1ರಲ್ಲಿ, ಇನ್ನೊಂದು ಎಲ್2ರಲ್ಲಿ ಇದ್ದಾಗ ದೀಪ ಉರಿಯುತ್ತದೆ. ಎರಡೂ ಒಂದೇ ಕಡೆ ಇದ್ದರೆ ಆರುತ್ತದೆ.

ಈ ವಿಧಾನದಲ್ಲಿ ಕಾಮನ್ ತಪ್ಪಿದರೆ ಲಕ್ಷಣ ತಿರುಗಾಮುರುಗಾ. ನಾಲ್ಕು ಸ್ಥಿತಿಯಲ್ಲಿ ಮೂರರಲ್ಲಿ ದೀಪ ಉರಿಯುತ್ತದೆ, ಏಕೆಂದರೆ ತಪ್ಪಿದ ಸ್ವಿಚ್ ಒಂದು ಕಡೆಗೆ ಒತ್ತಿದಾಗ ಫೇಸನ್ನು ನೇರವಾಗಿ ದೀಪದ ವೈರಿಗೆ ಕೊಟ್ಟುಬಿಡುತ್ತದೆ. "ಆ ಸ್ವಿಚ್ ಹಾಕಿದರೆ ಈ ಸ್ವಿಚ್ಚಿನಿಂದ ಆರಿಸಲು ಆಗುವುದಿಲ್ಲ" ಎಂಬ ದೂರು ಬಂದರೆ ಮೂರು ವೈರಿನ ವಿಧಾನ, ತಪ್ಪಿದ ಕಾಮನ್ ಎಂದು ಅನುಮಾನಿಸಿ.

ಹೊಸ ಬೋರ್ಡಿನ ಕಬ್ಬಿಣದ ಡಬ್ಬಿಗೆ ಅರ್ಥ್ ವೈರು ಮರೆಯಬೇಡಿ. ಅಲ್ಲಿಗೆ ಅದು ನಾಲ್ಕನೆಯ ವೈರು.

ಪ್ರಶ್ನೆ: ಮೂರು ಕಡೆಯಿಂದ ನಿಯಂತ್ರಿಸಲು ಮೂರು ಟೂ ವೇ ಸ್ವಿಚ್ ಸಾಲದೇ? ಇಂಟರ್‌ಮೀಡಿಯೆಟ್ ಸ್ವಿಚ್ ಯಾಕೆ ಬೇಕು?

ಉತ್ತರ: ಸಾಲದು. ನಡುವಿನ ಜಾಗಕ್ಕೆ ಜೋಡಿ ವೈರಿನಲ್ಲಿ ಎರಡು ವೈರು ಬರುತ್ತವೆ, ಎರಡು ವೈರು ಹೋಗುತ್ತವೆ. ಅಲ್ಲಿರುವ ಸ್ವಿಚ್ ಒಂದೇ ಒತ್ತಿಗೆ ಎರಡನ್ನೂ ಅದಲು ಬದಲು ಮಾಡಬೇಕು. ಟೂ ವೇಗೆ ಇರುವುದು ಒಂದೇ ಕಾಮನ್. ಇಂಟರ್‌ಮೀಡಿಯೆಟ್ ಸ್ವಿಚ್ಚಿಗೆ ನಾಲ್ಕು ಸ್ಕ್ರೂ. ಒಂದು ಸ್ಥಿತಿಯಲ್ಲಿ ಬಂದ ವೈರು ನೇರವಾಗಿ ದಾಟುತ್ತವೆ, ಇನ್ನೊಂದರಲ್ಲಿ ಕತ್ತರಿಯಾಗಿ ದಾಟುತ್ತವೆ. ಸರಪಣಿಯಲ್ಲಿ ಯಾವ ಸ್ವಿಚ್ ಒತ್ತಿದರೂ ದಾರಿ ಒಮ್ಮೆ ಅದಲು ಬದಲಾಗುತ್ತದೆ. ಆದ್ದರಿಂದ ಉರಿಯುವ ದೀಪ ಆರುತ್ತದೆ, ಆರಿದ್ದು ಉರಿಯುತ್ತದೆ. ಮೂರು ಕಡೆಗೆ ಎರಡು ತುದಿಯಲ್ಲಿ ಟೂ ವೇ, ನಡುವೆ ಒಂದು ಇಂಟರ್‌ಮೀಡಿಯೆಟ್. ಐದು ಕಡೆಗೆ ನಡುವೆ ಮೂರು. ತುದಿಗೆ ಯಾವಾಗಲೂ ಎರಡೇ ಟೂ ವೇ.

ಕೂರಿಸುವಾಗ ಎಡವುವುದು ನಾಲ್ಕು ಸ್ಕ್ರೂಗಳಲ್ಲಿ ಯಾವ ಎರಡು ಜೋಡಿ ಎಂಬಲ್ಲಿ. ತಯಾರಕರು ಎಲ್ಲರೂ ಒಂದೇ ಕ್ರಮ ಇಟ್ಟಿಲ್ಲ: ಒಬ್ಬರದರಲ್ಲಿ ಮೇಲಿನೆರಡು ಒಂದು ಜೋಡಿ, ಇನ್ನೊಬ್ಬರದರಲ್ಲಿ ಎಡಗಡೆಯ ಎರಡು. ಮತ್ತೆ ಅದೇ ಮಲ್ಟಿಮೀಟರ್ ಉಪಾಯ. ನಾಲ್ಕು ಸ್ಕ್ರೂಗಳ ನಡುವೆ ಆರು ಜೋಡಿ ಸಾಧ್ಯ. ಎರಡೂ ಸ್ಥಿತಿಯಲ್ಲಿ ಬೀಪ್ ಬಾರದ ಜೋಡಿ ಎರಡು ಸಿಗುತ್ತವೆ. ಅದರಲ್ಲೊಂದು ಬರುವ ವೈರುಗಳಿಗೆ, ಇನ್ನೊಂದು ಹೋಗುವ ವೈರುಗಳಿಗೆ. ಬರುವುದು ಯಾವುದು, ಹೋಗುವುದು ಯಾವುದು ಎಂಬುದು ಮುಖ್ಯವಲ್ಲ.

ಜೋಡಿ ತಪ್ಪಿದರೆ ಹೀಗಾಗುತ್ತದೆ: ನಡುವಿನ ಸ್ವಿಚ್ ಒಂದು ಕಡೆ ಇದ್ದಾಗ ತುದಿಯ ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ, ಅದನ್ನು ಒತ್ತಿದ ಕೂಡಲೇ ಎಲ್ಲಿಂದ ಏನು ಮಾಡಿದರೂ ದೀಪವಿಲ್ಲ. ಮೂರು ಸ್ವಿಚ್ಚಿಗೆ ಎಂಟು ಸ್ಥಿತಿ. ನಾಲ್ಕರಲ್ಲಿ ಉರಿಯಬೇಕಾದದ್ದು ಎರಡರಲ್ಲಿ ಮಾತ್ರ ಉರಿಯುತ್ತದೆ. ಆ ಲಕ್ಷಣ ಕಂಡರೆ ತುದಿಯ ಬೋರ್ಡುಗಳನ್ನು ಬಿಚ್ಚುವ ಶ್ರಮ ಬೇಡ, ದೋಷ ನಡುವಿನ ಬೋರ್ಡಿನಲ್ಲೇ ಇದೆ.

ಪ್ರಶ್ನೆ: ನಮ್ಮ ಪ್ಲೇಟಿಗೆ ಹೊಂದುವ ಇಂಟರ್‌ಮೀಡಿಯೆಟ್ ಸ್ವಿಚ್ ಸಿಗುತ್ತಿಲ್ಲ. ಆರು ಸ್ಕ್ರೂ ಇರುವ ಡಬಲ್ ಪೋಲ್ ಟೂ ವೇ ಸ್ವಿಚ್ ಇದೆ. ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ, ಎರಡು ತುಂಡು ವೈರು ಹೆಚ್ಚಿಗೆ ಬೇಕು. ನಡುವಿನ ಎರಡು ಸ್ಕ್ರೂ ಎರಡು ಕಾಮನ್; ಬರುವ ಜೋಡಿಯನ್ನು ಅಲ್ಲಿಗೆ ಕೊಡಿ. ಮೇಲಿನ ಎಡದಿಂದ ಕೆಳಗಿನ ಬಲಕ್ಕೆ, ಮೇಲಿನ ಬಲದಿಂದ ಕೆಳಗಿನ ಎಡಕ್ಕೆ ಒಂದೊಂದು ತುಂಡು ಹಾಕಿ ಕತ್ತರಿ ಮಾಡಿ. ಹೋಗುವ ಜೋಡಿಯನ್ನು ಮೇಲಿನ ಎರಡರಿಂದ ತೆಗೆಯಿರಿ. ಸ್ವಿಚ್ಚಿಗೆ ನಡುವೆ ನಿಲ್ಲುವ ಆಫ್ ಸ್ಥಾನ ಇರಬಾರದು, ಮೇಲೆ 250 ವೋಲ್ಟ್ ಎಸಿ, 6 ಆಂಪಿಯರ್ ಅಥವಾ ಹೆಚ್ಚು ಎಂದು ಅಚ್ಚಾಗಿರಬೇಕು. ಆಟಿಕೆ, ರೇಡಿಯೋಗಳಿಗೆ ಬಳಸುವ ಚಿಕ್ಕ ಟಾಗಲ್ ಸ್ವಿಚ್ ಖಂಡಿತ ಬೇಡ.

ಪ್ರಶ್ನೆ: ಸ್ವಿಚ್ ಆರಿಸಿದ ಮೇಲೂ ಮೆಟ್ಟಿಲ ಎಲ್‌ಇಡಿ ಬಲ್ಬ್ ಮಿಣುಕುತ್ತದೆ. ಬಲ್ಬ್ ಬದಲಿಸಿದರೂ ಹಾಗೆಯೇ.

ಉತ್ತರ: ಎರಡು ಕಾರಣ ಸಾಧ್ಯ, ಮೊದಲು ಅಪಾಯದ್ದನ್ನು ನೋಡಿ. ಸ್ವಿಚ್ಚುಗಳು ಫೇಸನ್ನು ಬಿಟ್ಟು ನ್ಯೂಟ್ರಲನ್ನು ಕಡಿಯುತ್ತಿದ್ದರೆ ಆರಿದ ದೀಪದಲ್ಲೂ ಸದಾ ಫೇಸ್ ನಿಂತಿರುತ್ತದೆ. ಅದು ಸೋರಿ ಬಲ್ಬ್ ಮಿಣುಕುತ್ತದೆ, ಬಲ್ಬ್ ಬದಲಿಸುವವರಿಗೆ ಹೊಡೆಯಲೂಬಹುದು. ಇದ್ದರೆ ತಕ್ಷಣ ಸರಿಪಡಿಸಿ.

ಅದಿಲ್ಲವೆಂದಾದರೆ ಕಾರಣ ಜೋಡಿ ವೈರೇ. ಟೂ ವೇ ವೈರಿಂಗಿನಲ್ಲಿ ದೀಪ ಆರಿದ್ದಾಗ ಜೋಡಿಯಲ್ಲಿ ಒಂದರಲ್ಲಿ ಫೇಸ್ ಇರುತ್ತದೆ, ಇನ್ನೊಂದು ದೀಪಕ್ಕೆ ಸೇರಿರುತ್ತದೆ. ಎರಡೂ ಒಂದೇ ಪೈಪಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಓಡುತ್ತವೆ. ಅವುಗಳ ನಡುವೆ ಮೀಟರಿಗೆ 50ರಿಂದ 100 ಪಿಕೋಫ್ಯಾರಡ್‌ನಷ್ಟು ಕೆಪ್ಯಾಸಿಟೆನ್ಸ್ ಹುಟ್ಟುತ್ತದೆ. 20 ಮೀಟರ್ ಓಟಕ್ಕೆ ಒಂದೆರಡು ನ್ಯಾನೋಫ್ಯಾರಡ್, ಅದರ ಮೂಲಕ ಹರಿಯುವುದು 0.07ರಿಂದ 0.14 ಮಿಲಿಆಂಪಿಯರ್. ಹಳೆಯ ತಂತಿ ಬಲ್ಬಿಗೆ ಇದು ಲೆಕ್ಕಕ್ಕೇ ಇಲ್ಲ. ಎಲ್‌ಇಡಿ ಬಲ್ಬಿನೊಳಗಿನ ಕೆಪ್ಯಾಸಿಟರ್ ಮಾತ್ರ ಇದನ್ನು ಕೂಡಿಟ್ಟುಕೊಂಡು ಆಗಾಗ ಒಮ್ಮೆ ಮಿಂಚಿಸುತ್ತದೆ. ಸ್ವಿಚ್ಚಿನಲ್ಲಿ ಚಿಕ್ಕ ನಿಯಾನ್ ದೀಪವಿದ್ದರೆ ಅದರ ಸೋರಿಕೆಯೂ ಸೇರುತ್ತದೆ.

ಪರಿಹಾರ: ದೀಪದ ಫೇಸ್ ಮತ್ತು ನ್ಯೂಟ್ರಲ್ ನಡುವೆ, ದೀಪದ ಬಳಿಯೇ, 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಮತ್ತು 100 ಓಮ್ ರೆಸಿಸ್ಟರ್ ಒಂದರ ಹಿಂದೆ ಒಂದು ಜೋಡಿಸಿದ ಸ್ನಬ್ಬರ್. ಸಿದ್ಧವಾಗಿಯೇ ಸಿಗುತ್ತದೆ. ಕೆಪ್ಯಾಸಿಟರ್ ಮೇಲೆ ಎಕ್ಸ್2 ಎಂಬ ಗುರುತು, 275 ವೋಲ್ಟ್ ಎಸಿ ಎಂಬ ಅಂಕಿ ಇರಲೇಬೇಕು; ಬೇರೆ ಬಗೆಯದು ಕೆಟ್ಟಾಗ ಶಾರ್ಟ್ ಆಗಿ ಬೆಂಕಿ ಹಿಡಿಯಬಹುದು. ಇದನ್ನು ಹಾಕಿದ ಮೇಲೆ ಸೋರಿ ಬರುವ ವೋಲ್ಟೇಜ್ ನಾಲ್ಕೈದು ವೋಲ್ಟಿಗೆ ಇಳಿಯುತ್ತದೆ, ಅಷ್ಟಕ್ಕೆ ಬಲ್ಬ್ ಏಳುವುದಿಲ್ಲ. ಒಂದೇ ಸ್ವಿಚ್ಚಿಗೆ ನಾಲ್ಕು ಬಲ್ಬ್ ಇದ್ದರೂ ಸ್ನಬ್ಬರ್ ಒಂದು ಸಾಕು.

ಪ್ರಶ್ನೆ: ಜೋಡಿ ವೈರಿನ ಎರಡರಲ್ಲೂ ಟೆಸ್ಟರ್ ಉರಿಯುತ್ತದೆ. ಶಾರ್ಟ್ ಆಗಿದೆಯೇ?

ಉತ್ತರ: ಮೇಲಿನ ಕಾರಣವೇ. ಫೇಸ್ ಇಲ್ಲದ ವೈರಿನಲ್ಲೂ ಪಕ್ಕದ ವೈರಿನಿಂದ ವೋಲ್ಟೇಜ್ ಮೂಡುತ್ತದೆ, ನಿಯಾನ್ ಟೆಸ್ಟರಿಗೆ ಅಷ್ಟು ಸಾಕು. ಡಿಜಿಟಲ್ ಮಲ್ಟಿಮೀಟರ್ ಕೂಡ 60, 80, 110 ಎಂದು ಏನೇನೋ ತೋರಿಸುತ್ತದೆ. ತಂತಿ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿದರೆ ಸುಳ್ಳು ವೋಲ್ಟೇಜ್ ಬಿದ್ದುಹೋಗುತ್ತದೆ, ನಿಜವಾದ ಫೇಸ್ ಆದರೆ ಬಲ್ಬ್ ಉರಿಯುತ್ತದೆ. ಜೋಡಿ ನಿಜಕ್ಕೂ ಶಾರ್ಟ್ ಆಗಿದ್ದರೆ ನಾಲ್ಕೂ ಸ್ಥಿತಿಯಲ್ಲಿ ದೀಪ ಉರಿಯುತ್ತಲೇ ಇರುತ್ತದೆ.

ಪ್ರಶ್ನೆ: ಮೆಟ್ಟಿಲ ದೀಪ ಹಾಕಿದ ಕೂಡಲೇ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸಾಧನ) ಬೀಳುತ್ತದೆ. ಬಲ್ಬ್, ಹೋಲ್ಡರ್ ಎಲ್ಲ ಹೊಸದು. ಬೇರೆ ಯಾವ ದೀಪ ಹಾಕಿದರೂ ಬೀಳುವುದಿಲ್ಲ.

ಉತ್ತರ: ಫೇಸ್ ಕೆಳಮಹಡಿಯ ಸರ್ಕ್ಯೂಟಿನಿಂದ ಬಂದಿದೆ, ನ್ಯೂಟ್ರಲ್ ಮೇಲ್ಮಹಡಿಯದು. ಮೆಟ್ಟಿಲ ದೀಪದಲ್ಲಿ ಇದು ಬಹಳ ಸಾಮಾನ್ಯ: ಕೆಳಗಿನ ಬೋರ್ಡಿನಲ್ಲಿ ಫೇಸ್ ಕೈಗೆ ಸಿಗುತ್ತದೆ, ದೀಪ ಮೇಲಿರುವುದರಿಂದ ನ್ಯೂಟ್ರಲ್ ಮೇಲಿನ ಬೋರ್ಡಿನಲ್ಲಿ ಹತ್ತಿರ, ಒಂದು ವೈರು ಉಳಿಯಿತು ಎಂದುಕೊಂಡು ಜೋಡಿಸಿಬಿಡುತ್ತಾರೆ.

ಆರ್‌ಸಿಸಿಬಿ ತನ್ನ ಮೂಲಕ ಹೋದ ಕರೆಂಟ್ ತನ್ನ ಮೂಲಕವೇ ಮರಳಿತೇ ಎಂದು ನೋಡುತ್ತದೆ. 9 ವ್ಯಾಟಿನ ಬಲ್ಬ್ ಕೂಡ ಕನಿಷ್ಠ 40 ಮಿಲಿಆಂಪಿಯರಿನಷ್ಟು ಎಳೆಯುತ್ತದೆ. ಅದಷ್ಟೂ ಇನ್ನೊಂದು ದಾರಿಯಲ್ಲಿ ಮರಳಿದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿಗೆ ಅದು ಸೋರಿಕೆಯಾಗಿ ಕಾಣುತ್ತದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ, ಬದಲಿಸಬೇಡಿ. ಎರಡು ಮಹಡಿಗೂ ಒಂದೇ ಆರ್‌ಸಿಸಿಬಿ ಇರುವ ಮನೆಯಲ್ಲಿ ಇದೇ ತಪ್ಪು ಇದ್ದರೂ ಗೊತ್ತಾಗದೆ ಉಳಿದುಬಿಡುತ್ತದೆ. ಅಪಾಯ ಅಲ್ಲೇ ಹೆಚ್ಚು: ಮೇಲ್ಮಹಡಿಯ ಎಂಸಿಬಿ ಇಳಿಸಿ, ಅಲ್ಲಿಯ ನ್ಯೂಟ್ರಲ್ ಬಿಚ್ಚಿದವರ ಕೈಗೆ ಕೆಳಮಹಡಿಯ ಫೇಸ್ ದೀಪದ ಮೂಲಕ ಬಂದು ತಲುಪುತ್ತದೆ.

ಪರಿಹಾರ ಒಂದೇ. ಫೇಸ್ ಎಲ್ಲಿಂದ ಬಂತೋ ನ್ಯೂಟ್ರಲನ್ನೂ ಅದೇ ಸರ್ಕ್ಯೂಟಿನಿಂದ ಜೋಡಿ ವೈರಿನ ಜೊತೆಯಲ್ಲೇ ಎಳೆದು ತನ್ನಿ. ಮನೆಗೆ ಮೂರು ಫೇಸ್ ಸಂಪರ್ಕವಿದ್ದು ಮಹಡಿಗೊಂದು ಫೇಸ್ ಹಂಚಿದ್ದರೆ ಇನ್ನೊಂದು ಎಚ್ಚರ: ಮೇಲಿನ ಬೋರ್ಡಿನ ಇತರ ಸ್ವಿಚ್ಚುಗಳ ಫೇಸ್ ಲೂಪನ್ನು ತಪ್ಪಿ ಮೆಟ್ಟಿಲ ಸ್ವಿಚ್ಚಿಗೂ ಕೊಟ್ಟರೆ ಎರಡು ಫೇಸ್ ಮುಖಾಮುಖಿಯಾಗುತ್ತವೆ, ನಡುವೆ 400 ವೋಲ್ಟ್.

ಪ್ರಶ್ನೆ: ಹಳೆಯ ಮನೆ. ಮೆಟ್ಟಿಲ ಸ್ವಿಚ್ಚುಗಳ ಒಂದೊಂದರಲ್ಲೂ ಫೇಸ್, ನ್ಯೂಟ್ರಲ್ ಎರಡೂ ಬಂದು ಸೇರಿವೆ, ಕಾಮನ್‌ನಿಂದ ದೀಪಕ್ಕೆ ಒಂದೊಂದು ವೈರು ಹೋಗಿದೆ. ದೀಪ ಸರಿಯಾಗಿ ಉರಿಯುತ್ತದೆ. ಹಾಗೇ ಬಿಡಬಹುದೇ?

ಉತ್ತರ: ಬಿಡಬೇಡಿ. ಇದು ಕಾರ್ಟರ್ ಪದ್ಧತಿ ಎಂಬ ಹಳೆಯ ವಿಧಾನ. ಎರಡೂ ಬೋರ್ಡಿನಲ್ಲಿ ಫೇಸ್, ನ್ಯೂಟ್ರಲ್ ಹೇಗೂ ಇದ್ದರೆ ಜೋಡಿ ವೈರು ಉಳಿಯುತ್ತದೆ ಎಂಬುದೇ ಅದರ ಆಕರ್ಷಣೆ. ಅಮೆರಿಕದ ವಿದ್ಯುತ್ ಸಂಹಿತೆ 1923ರಲ್ಲೇ ಇದನ್ನು ನಿಷೇಧಿಸಿತು.

ದೀಪದ ಒಂದು ತುದಿ ಫೇಸಿಗೆ, ಇನ್ನೊಂದು ನ್ಯೂಟ್ರಲ್‌ಗೆ ಸೇರಿದಾಗ ಉರಿಯುತ್ತದೆ. ಎರಡೂ ನ್ಯೂಟ್ರಲ್‌ಗೆ ಸೇರಿದರೆ ಆರುತ್ತದೆ, ಸರಿ. ಎರಡೂ ಫೇಸಿಗೆ ಸೇರಿದರೂ ಆರುತ್ತದೆ. ಆಗ ಬಲ್ಬ್ ಕತ್ತಲಾಗಿದ್ದರೂ ಹೋಲ್ಡರಿನ ಎರಡೂ ಪಿನ್ನಿನಲ್ಲಿ 230 ವೋಲ್ಟ್ ಇದೆ, ತಿರುಪು ಹೋಲ್ಡರ್ ಆಗಿದ್ದರೆ ಹೊರಗಿನ ಲೋಹದ ಸುತ್ತಿಗೂ ಬಂದಿರುತ್ತದೆ. ಜೊತೆಗೆ ಒಂದೇ ಚಿಕ್ಕ ಸ್ವಿಚ್ಚಿನೊಳಗೆ ಫೇಸೂ ನ್ಯೂಟ್ರಲೂ ಕೆಲವೇ ಮಿಲಿಮೀಟರ್ ಅಂತರದಲ್ಲಿ ಕೂತಿವೆ. ಒತ್ತುವಾಗಿನ ಕಿಡಿ ಅಷ್ಟನ್ನು ದಾಟಿದರೆ ನೇರ ಶಾರ್ಟ್. ಎರಡು ಬೋರ್ಡಿನ ನಡುವೆ ಪೈಪ್ ಇದ್ದರೆ ಜೋಡಿ ವೈರು ಎಳೆದು ಮೊದಲು ಹೇಳಿದ ವಿಧಾನಕ್ಕೆ ಬದಲಿಸಿ. ಅದಾಗುವವರೆಗೆ ಬಲ್ಬ್ ಮುಟ್ಟುವ ಮೊದಲು ಎಂಸಿಬಿ ಇಳಿಸುವುದು ಕಡ್ಡಾಯ.

ಪ್ರಶ್ನೆ: ಉದ್ದನೆಯ ಉಗ್ರಾಣದಲ್ಲಿ ನಡೆದು ಹೋದಂತೆ ಮುಂದಿನ ದೀಪ ಹತ್ತಿ ಹಿಂದಿನದು ಆರಬೇಕು. ಇದಕ್ಕೂ ಇಂಟರ್‌ಮೀಡಿಯೆಟ್ ಬೇಕೇ?

ಉತ್ತರ: ಬೇಡ. ಇದು ಗೋಡೌನ್ ವೈರಿಂಗ್. ಬಾಗಿಲಲ್ಲಿ ಒಂದು ಒನ್ ವೇ, ಮುಂದೆಲ್ಲ ಟೂ ವೇ. ಒನ್ ವೇಯಿಂದ ಹೊರಟ ಫೇಸ್ ಮೊದಲ ಟೂ ವೇಯ ಕಾಮನ್‌ಗೆ. ಅದರ ಎಲ್1 ಮೊದಲ ದೀಪಕ್ಕೆ, ಎಲ್2 ಮುಂದಿನ ಟೂ ವೇಯ ಕಾಮನ್‌ಗೆ. ಹೀಗೆಯೇ ಮುಂದುವರಿದು ಕೊನೆಯ ಸ್ವಿಚ್ಚಿನ ಎಲ್2ಕ್ಕೆ ಕೊನೆಯ ದೀಪ. ಮರಳುವಾಗ ಹಿಂದುಮುಂದಾಗಿ ಒತ್ತುತ್ತ ಬರಬೇಕು. ಒಂದು ಹೊತ್ತಿಗೆ ಒಂದೇ ದೀಪ ಉರಿಯುವುದರಿಂದ ಒಬ್ಬರೇ ಓಡಾಡುವ ಜಾಗಕ್ಕೆ ಮಾತ್ರ ಇದು ಸರಿ, ಇಬ್ಬರು ಕೆಲಸ ಮಾಡುವಲ್ಲಿ ಬೇಡ.

ಪ್ರಶ್ನೆ: ಐದು ಮಹಡಿಯ ಮೆಟ್ಟಿಲಿಗೆ ಪ್ರತಿ ಮಹಡಿಯಲ್ಲೂ ಸ್ವಿಚ್ ಬೇಕು. ಇಂಟರ್‌ಮೀಡಿಯೆಟ್ ಸಾಲು ಹಾಕುವುದೇ ಒಳ್ಳೆಯದೇ?

ಉತ್ತರ: ನಮ್ಮ ಮತ ಇಂಪಲ್ಸ್ ರಿಲೇ ಕಡೆಗೆ, ಅಂದರೆ ಒಳಗಿನ ಕಾಯಿಲಿಗೆ ಕ್ಷಣಕಾಲ ಕರೆಂಟ್ ಬಂದಾಗಲೆಲ್ಲ ದೀಪವನ್ನು ಹಾಕಿ ಆರಿಸುವ ಸಾಧನದ ಕಡೆಗೆ. ಮಹಡಿಗೊಂದು ಬೆಲ್ ಪುಶ್, ಎಲ್ಲವೂ ಪ್ಯಾರಲಲ್, ಉದ್ದಕ್ಕೂ ಎರಡೇ ವೈರು. ಯಾವುದನ್ನು ಒಮ್ಮೆ ಒತ್ತಿದರೂ ರಿಲೇ ಸ್ಥಿತಿ ಬದಲಿಸುತ್ತದೆ. ಆರನೆಯ ಪುಶ್ ಬೇಕೆನಿಸಿದರೆ ಎಲ್ಲಿ ಬೇಕಾದರೂ ಆ ಎರಡು ವೈರಿಗೆ ಸೇರಿಸಬಹುದು, ಕಾಮನ್ ಹುಡುಕುವ ತಲೆನೋವಿಲ್ಲ. ಯಾಂತ್ರಿಕ ರಿಲೇ ಆದರೆ ಕರೆಂಟ್ ಹೋಗಿ ಬಂದರೂ ಮೊದಲಿದ್ದ ಸ್ಥಿತಿಯಲ್ಲೇ ಇರುತ್ತದೆ.

ತೊಂದರೆ ಎರಡು. ಒಂದು ಪುಶ್ ಒಳಗೆ ಸಿಕ್ಕಿಕೊಂಡರೆ ಕಾಯಿಲಿಗೆ ನಿರಂತರ ಕರೆಂಟ್ ಹೋಗಿ, ಅದಕ್ಕೆಂದು ಮಾಡಿರದ ರಿಲೇ ಸುಡುತ್ತದೆ, ಅಷ್ಟು ಹೊತ್ತು ಬೇರೆ ಪುಶ್ಶುಗಳೂ ಕೆಲಸ ಮಾಡುವುದಿಲ್ಲ. ಇನ್ನೊಂದು, ಕತ್ತಲಲ್ಲಿ ಕಾಣಲೆಂದು ನಿಯಾನ್ ಇರುವ ಪುಶ್ ಹಾಕಿದರೆ ಎಲ್ಲದರ ಸೋರಿಕೆ ಕೂಡಿ ಕಾಯಿಲನ್ನು ಬಿಡದೆ ಹಿಡಿದಿಡಬಹುದು. ಎಷ್ಟು ಮಿಲಿಆಂಪಿಯರ್ ತಡೆಯುತ್ತದೆ ಎಂದು ರಿಲೇಯ ಕಾಗದದಲ್ಲಿ ಕೊಟ್ಟಿರುತ್ತಾರೆ, ನೋಡಿ ಆರಿಸಿ. ತಾನಾಗಿಯೇ ಆರಬೇಕೆಂದರೆ ಇದೇ ಪುಶ್ಶುಗಳಿಗೆ ಮೆಟ್ಟಿಲ ಟೈಮರ್ ಹಾಕಬಹುದು. ಸಮಯವನ್ನು ಹತ್ತುವವರಲ್ಲಿ ಅತಿ ನಿಧಾನದವರಿಗೆ ಹೊಂದಿಸಿ.

ಪ್ರಶ್ನೆ: ವೈರು ಎಷ್ಟು ತರಬೇಕೆಂದು ಲೆಕ್ಕ ಹಾಕುವುದು ಹೇಗೆ?

ಉತ್ತರ: ಗೋಡೆಯ ನೇರ ಅಳತೆ ಬೇಡ, ಪೈಪ್ ಹೋದ ದಾರಿ ಅಳೆಯಿರಿ. ಕೆಳಗಿನ ಬೋರ್ಡಿನಿಂದ ಮೇಲಿನದಕ್ಕೆ 8 ಮೀಟರ್, ಅಲ್ಲಿಂದ ದೀಪಕ್ಕೆ 4 ಮೀಟರ್ ಎಂದಿಟ್ಟುಕೊಳ್ಳಿ. ಫೇಸ್, ನ್ಯೂಟ್ರಲ್ ಕೆಳಗಿನ ಬೋರ್ಡಿನಲ್ಲಿವೆ. ಜೋಡಿ ವೈರು 16 ಮೀಟರ್, ನ್ಯೂಟ್ರಲ್ 12, ಅರ್ಥ್ 12, ದೀಪದ ವೈರು 4. ತುದಿಗೊಂದರಂತೆ 20 ಸೆಂಟಿಮೀಟರ್ ಬಿಟ್ಟರೆ ಇನ್ನೆರಡು ಮೀಟರ್. ಒಟ್ಟು 46, ತರುವುದು 50. ಎರಡು ಬೋರ್ಡಿನ ನಡುವಿನ ಪೈಪಿನಲ್ಲಿ ನಾಲ್ಕು ವೈರು ಬಂತು, 20 ಮಿಲಿಮೀಟರಿನ ಪೈಪಿನಲ್ಲಿ ಆರಾಮವಾಗಿ ಕೂರುತ್ತದೆ. ಬಣ್ಣಕ್ಕೆ ಜಿಪುಣತನ ಬೇಡ: ಜೋಡಿ ವೈರು ಎರಡಕ್ಕೂ ಒಂದು ಬಣ್ಣ, ಫೇಸ್ ಮತ್ತು ದೀಪದ ವೈರಿಗೆ ಇನ್ನೊಂದು. ಹಸಿರು ಅರ್ಥ್‌ಗೆ ಮಾತ್ರ. ಎಳೆದ ತಕ್ಷಣ ಎರಡೂ ತುದಿಗೆ ಟೇಪ್ ಸುತ್ತಿ ಹೆಸರು ಬರೆಯಿರಿ, ಪ್ಲಾಸ್ಟರಿಂಗ್, ಬಣ್ಣ ಮುಗಿದು ಸ್ವಿಚ್ ಹಾಕುವ ಹೊತ್ತಿಗೆ ಎಳೆದವರಿಗೂ ನೆನಪಿರುವುದಿಲ್ಲ.

ಪ್ರಶ್ನೆ: ಟೂ ವೇ ದೀಪಕ್ಕೆ ಎರಡೂ ಕಡೆ ಡಿಮ್ಮರ್ ಹಾಕಬಹುದೇ?

ಉತ್ತರ: ಸಾಮಾನ್ಯ ಡಿಮ್ಮರ್ ಒಂದೇ ಕಡೆ. ಒತ್ತಿದರೆ ಟೂ ವೇಯಂತೆ ಬದಲಾಗುವ ಡಿಮ್ಮರ್ ತಂದು ಒಂದು ತುದಿಗೆ ಹಾಕಿ, ಇನ್ನೊಂದು ತುದಿಯಲ್ಲಿ ಮಾಮೂಲಿ ಟೂ ವೇ ಇರಲಿ. ಎರಡನ್ನು ಒಂದರ ಹಿಂದೆ ಒಂದು ಹಾಕಿದರೆ ಒಂದು ಕತ್ತರಿಸಿಟ್ಟ ಅಲೆಯನ್ನು ಇನ್ನೊಂದು ಮತ್ತೆ ಕತ್ತರಿಸಲು ಹೋಗಿ ದೀಪ ಅದುರುತ್ತದೆ. ಎರಡೂ ಕಡೆಯಿಂದ ಬೆಳಕು ಏರಿಳಿಸಲೇಬೇಕೆಂದರೆ ಬೆಲ್ ಪುಶ್ಶಿನಿಂದ ನಡೆಯುವ ಡಿಮ್ಮರ್ ಮಾಡ್ಯೂಲ್ ನೋಡಿ. ಬಲ್ಬಿನ ಮೇಲೆ ಡಿಮ್ಮಬಲ್ ಎಂದು ಬರೆದಿರಬೇಕು.